ಸಣ್ಣ ಸ್ಟೇಷನ್‌ನಲ್ಲಿ ರೈಲು ಯಾಕೆ ನಿಲ್ಲುತ್ತಿತ್ತು?

ಯಲಹಂಕ–ಚಿಕ್ಕಬಳ್ಳಾಪುರ ದಾರಿಯ ದೊಡ್ಡಜಾಲ, ಆವತಿಹಳ್ಳಿ, ನಂದಿ ಹಾಲ್ಟ್‌ನಂಥ ಹಳೆಯ ಸ್ಟೇಷನ್‌ಗಳನ್ನು ಪಾರಂಪರಿಕ ಕಟ್ಟಡಗಳೆಂದು ದುರಸ್ತಿ ಮಾಡುವ ಕೆಲಸ ಕೆಲವು ವರ್ಷಗಳಿಂದ ಸುದ್ದಿಯಲ್ಲಿದೆ. ರೈಲುಗಳು ಮಾತ್ರ ಬೆರಳೆಣಿಕೆಯಷ್ಟು. ಜನ ಹತ್ತುವುದಿಲ್ಲ, ಅದಕ್ಕೆ ನಿಲ್ಲಿಸುವುದಿಲ್ಲ ಎನ್ನುವುದು ಒಂದು ವಾದ. ನಿಲ್ಲಿಸುವುದಿಲ್ಲ, ಅದಕ್ಕೆ ಜನ ಬರುವುದಿಲ್ಲ ಎನ್ನುವುದು ಊರವರ ವಾದ. ಎರಡೂ ಕತೆಯನ್ನು ನಡುವಿನಿಂದ ಹಿಡಿಯುತ್ತವೆ.

1864ರಲ್ಲಿ ಮದ್ರಾಸಿನ ಕಡೆಯಿಂದ ಅಗಲ ಅಳತೆಯ ಬ್ರಾಡ್‌ಗೇಜ್ ಹಳಿ ಬೆಂಗಳೂರು ದಂಡಿಗೆ (ಕಂಟೋನ್ಮೆಂಟ್) ಬಂತು. 1876–78ರ ಧಾತು-ಈಶ್ವರ ಬರದ ಹೊತ್ತಿಗೆ ಶುರುವಾದ ಬೆಂಗಳೂರು–ಮೈಸೂರು ಹಳಿ 1882ರಲ್ಲಿ ಮುಗಿದಾಗ ಅದು ಅದಕ್ಕಿಂತ ಕಿರಿದಾದ ಮೀಟರ್‌ಗೇಜ್. 1915ರ ಚಿಕ್ಕಬಳ್ಳಾಪುರ ಹಳಿ ಇನ್ನೂ ಕಿರಿದು, 762 ಮಿ.ಮೀ. ಒಂದೇ ಸೀಮೆಗೆ ಮೂರು ಅಳತೆ! ಮೂಟೆ ಇಳಿಸಿ ಹತ್ತಿಸುವುದರಲ್ಲೇ ದಿನ ಕಳೆಯುತ್ತಿತ್ತು.

ಹಳಿಯುದ್ದಕ್ಕೂ ಅಷ್ಟೊಂದು ಸ್ಟೇಷನ್ ಯಾಕೆ? ಮೊದಲ ಕಾರಣ ನೀರು. ಮೀಟರ್‌ಗೇಜ್‌ನ ವೈಪಿ ಎಂಬ ಉಗಿ ಇಂಜಿನ್ನಿಗೆ ಜೋಡಿಸಿದ, ನೀರು-ಕಲ್ಲಿದ್ದಲು ಹೊರುವ ಟೆಂಡರ್‌ನಲ್ಲಿ ಹಿಡಿಸುತ್ತಿದ್ದುದು ಸುಮಾರು 13,600 ಲೀಟರ್. ಅದು ಮುಗಿಯುವ ಮುನ್ನ ಮುಂದಿನ ನೀರಿನ ಕಂಬ ಸಿಗಬೇಕು. ಸಿಕ್ಕ ನೀರು ಗಡುಸಾಗಿದ್ದರೆ ಬಾಯ್ಲರ್ ಕೊಳವೆಗಳಲ್ಲಿ ಸುಣ್ಣ ಕಟ್ಟಿ ಉಗಿ ಏಳದು. ಟೆಂಡರ್ ತುಂಬುವ ಹೊತ್ತು ಪ್ರಯಾಣಿಕರಿಗೆ ಕಾಫಿ, ತಿಂಡಿಯ ಹೊತ್ತು. ಆರಿದರೂ ರುಚಿ ಕೆಡದ ಮದ್ದೂರು ವಡೆ ರೈಲಿನವರ ತಿಂಡಿಯಾದದ್ದು ಸುಮ್ಮನೆ ಅಲ್ಲ.

ಎರಡನೆಯ ಕಾರಣ ಕ್ರಾಸಿಂಗ್, ಅಂದರೆ ಎದುರುಬದುರು ಬರುವ ರೈಲುಗಳು ಒಂದಕ್ಕೊಂದು ದಾರಿ ಬಿಡುವುದು. ಒಂಟಿ ಹಳಿಯಲ್ಲಿ ಎರಡು ಸ್ಟೇಷನ್‌ಗಳ ನಡುವೆ ಒಂದೇ ರೈಲು ಇರಬೇಕು. ಅದಕ್ಕೆ ನೀಲ್ಸ್ ಬಾಲ್ ಟೋಕನ್ ಯಂತ್ರ: ಎರಡೂ ಕಡೆಯ ಮಾಸ್ತರರ ಬಳಿ ಒಂದೊಂದು, ನಡುವೆ ವಿದ್ಯುತ್ ತಂತಿ. ಆ ಕಡೆಯವರು ಗುಂಡಿ ಒತ್ತಿ ಹಿಡಿದರಷ್ಟೇ ಈ ಕಡೆ ಹಿಡಿ ತಿರುಗಿ ಲೋಹದ ಚೆಂಡೊಂದು ಉರುಳಿ ಬರುತ್ತದೆ. ಅದು ಹೊರಗಿರುವ ತನಕ ಎರಡೂ ಯಂತ್ರಕ್ಕೆ ಬೀಗ, ಇನ್ನೊಂದು ಚೆಂಡು ಬಾರದು. ಚೆಂಡಿನ ಮೇಲೆ ಕೊರೆದ ಸೆಕ್ಷನ್ ಹೆಸರನ್ನು ಡ್ರೈವರ್ ಓದಿಯೇ ಹೊರಡಬೇಕು. ನಿಲ್ಲದ ಗಾಡಿಯಾದರೆ ಚೆಂಡನ್ನು ಚರ್ಮದ ಚೀಲಕ್ಕೆ ಹಾಕಿ, ಚೀಲವನ್ನು ದೊಡ್ಡ ಬಳೆಗೆ ಕಟ್ಟಿ ಎತ್ತಿ ಹಿಡಿಯುತ್ತಿದ್ದರು. ಫೈರ್‌ಮನ್ ಬಳೆಯೊಳಗೆ ತೋಳು ತೂರಿಸಿ ಸೆಳೆದುಕೊಳ್ಳುತ್ತಿದ್ದ. ತಪ್ಪಿತೋ, ಗಾಡಿ ನಿಂತಿತು. ಕತ್ತಲಲ್ಲಿ ಪೊದೆಯಲ್ಲಿ ಹುಡುಕಾಟ. ಇನ್ನೊಂದು ತೊಡಕೂ ಇತ್ತು. ಒಂದೇ ದಿಕ್ಕಿಗೆ ಹೆಚ್ಚು ರೈಲು ಹೋದರೆ ಚೆಂಡುಗಳೆಲ್ಲ ಆ ಕಡೆ ಸೇರಿ ಈ ಕಡೆಯ ಯಂತ್ರ ಬರಿದಾಗುತ್ತಿತ್ತು. ಆಗ ಸಿಗ್ನಲ್ ಮೇಂಟೇನರ್ ಬಂದು, ಬೀಗ ತೆಗೆದು, ಲೆಕ್ಕ ಬರೆದು, ಚೆಂಡುಗಳನ್ನು ಹೊತ್ತು ಮರಳಿ ತುಂಬಬೇಕು.

ಅಂದರೆ ಮಾಸ್ತರ್, ಹಳಿ ಬದಲಿಸುವ ಪಾಯಿಂಟ್ಸ್‌ಮನ್, ಗಾಡಿ ಪಕ್ಕಕ್ಕೆ ಸರಿದು ನಿಲ್ಲುವ ಲೂಪ್ ಲೈನ್, ಸಿಗ್ನಲ್ ಕೊಡುವ ಕೈಮರ ಎಲ್ಲ ಇದ್ದದ್ದು ಗಾಡಿ ಸಾಗಲಿಕ್ಕೆ. ಹೇಗೂ ನಿಂತ ಗಾಡಿಗೆ ಊರಿನವರು ಹತ್ತಿದರು. ಸುವರ್ಣಯುಗ ಎಂದು ನಾವು ನೆನೆಯುವುದರಲ್ಲಿ ಇಂಥ ಅನಿವಾರ್ಯ ನಿಲುಗಡೆಗಳದೇ ದೊಡ್ಡ ಪಾಲು.

ಡೀಸೆಲ್ ಬಂದಾಗ ನೀರಿನ ಕಂಬ ಒಣಗಿತು. ಎಲ್ಲೆಡೆ ಒಂದೇ ಅಳತೆ ತರಲು 1992ರಲ್ಲಿ ಶುರುವಾದ ಯೂನಿಗೇಜ್ ಯೋಜನೆಯಲ್ಲಿ ಹಳಿಗಳು 1676 ಮಿ.ಮೀ.ಗೆ ಅಗಲವಾದವು. ಲಾಭ ದೊಡ್ಡದೇ, ಗೇಜ್ ಬದಲಾದಲ್ಲೆಲ್ಲ ಇಳಿದು ಹತ್ತುವ ಕಾಟ ತಪ್ಪಿತು. ಆದರೆ ಕ್ರಾಸಿಂಗ್‌ಗೆ ಬೇಡವಾದ ಸ್ಟೇಷನ್‌ನ ಲೂಪ್ ಕಿತ್ತು, ಮಾಸ್ತರರನ್ನು ತೆಗೆದು, ಟಿಕೆಟ್ ಮಾರಾಟವನ್ನು ಕಮಿಷನ್ ಏಜೆಂಟರಿಗೆ ಕೊಟ್ಟು ಹಾಲ್ಟ್ ಮಾಡುವುದು ಖರ್ಚು ಕಡಿತದ ಸುಲಭ ದಾರಿಯಾಯಿತು. 2020ರ ನಂತರ ಪ್ಯಾಸೆಂಜರ್ ಗಾಡಿಗಳು ಎಕ್ಸ್‌ಪ್ರೆಸ್ ಸ್ಪೆಷಲ್ ಎಂಬ ಹೆಸರಿನಲ್ಲಿ ಓಡಿದವು. 10 ರೂಪಾಯಿಯ ಕನಿಷ್ಠ ದರ 30 ಆಯಿತು. 2024ರ ಫೆಬ್ರುವರಿಯಲ್ಲಿ ದರ ಇಳಿಯಿತು. ಅಷ್ಟರಲ್ಲಿ ಜನ ಬಸ್ಸಿಗೆ ಒಗ್ಗಿಹೋಗಿದ್ದರು.

ಇದೇ ಚಿಕ್ಕಬಳ್ಳಾಪುರ ಹಳಿಯಲ್ಲಿ 2021ರ ಜನವರಿಯಲ್ಲಿ ವಿಮಾನ ನಿಲ್ದಾಣದ ಹಾಲ್ಟ್ ಶುರುವಾಯಿತು. ಹೊಸದಾದರೂ ಹಾಲ್ಟ್ ಹಾಲ್ಟೇ. ಒಂಟಿ ಹಳಿಯಲ್ಲಿ, ಲೂಪ್ ಇಲ್ಲದ ಕಡೆ ಗಾಡಿ ನಿಂತಷ್ಟು ಹೊತ್ತೂ ಆಚೀಚಿನ ಎರಡು ಸ್ಟೇಷನ್‌ಗಳ ನಡುವೆ ಬೇರೆ ಗಾಡಿ ಬಿಡುವಂತಿಲ್ಲ. ಹೆಚ್ಚು ರೈಲು ಕೇಳುವವರಿಗೆ ವೇಳಾಪಟ್ಟಿಯಲ್ಲಿ ಜಾಗವಿಲ್ಲ ಎಂಬ ಉತ್ತರ ಬಂದರೆ ಕಾರಣವನ್ನು ಕಿತ್ತ ಲೂಪ್‌ಗಳ ಜಾಗದಲ್ಲೂ ಹುಡುಕಬೇಕು.