ಪದ ಪರಿಚಯ: ಮಾರ್ಕ್ವೆಸ್

ಶ್ರೀರಂಗಪಟ್ಟಣದ ಪತನದ ಬಗ್ಗೆ ಲೇಖನ ಬಂತೆಂದರೆ ಅದರಲ್ಲಿ ಈ ವಾಕ್ಯ ಇದ್ದೇ ಇರುತ್ತದೆ: ‘1799ರ ಮೇ 4ರಂದು ಮಾರ್ಕ್ವಿಸ್ ವೆಲ್ಲೆಸ್ಲಿಯ ಸೇನೆ ಟಿಪ್ಪುವಿನ ಕೋಟೆಯನ್ನು ವಶಪಡಿಸಿಕೊಂಡಿತು.’ ಅಂದು ಮಾರ್ಕ್ವೆಸ್ ವೆಲ್ಲೆಸ್ಲಿ ಎಂಬವನು ಇರಲೇ ಇಲ್ಲ. ರಿಚರ್ಡ್ ವೆಲ್ಲೆಸ್ಲಿ ಇದ್ದ, ಗವರ್ನರ್ ಜನರಲ್ ಕೂಡ ಆಗಿದ್ದ, ಆದರೆ ಆಗಿನ್ನೂ ಅವನು ಮಾರ್ನಿಂಗ್ಟನ್‌ನ ಅರ್ಲ್. ಮಾರ್ಕ್ವೆಸ್ ಆದದ್ದು ಅದೇ ವರ್ಷದ ಡಿಸೆಂಬರ್ 2ರಂದು, ಅದೂ ಇದೇ ಕೋಟೆ ಬಿದ್ದದ್ದಕ್ಕೆ ಸಿಕ್ಕ ಬಹುಮಾನವಾಗಿ. ಬಹುಮಾನವನ್ನು ಯುದ್ಧಕ್ಕೆ ಮುಂಚೆಯೇ ಕೊಟ್ಟುಬಿಡುವ ಈ ಉದಾರತೆಯನ್ನಾದರೂ ಸಹಿಸಬಹುದು. ‘ಮಾರ್ಕ್ವಿಸ್ ಎಂಬ ಅಧಿಕಾರಿ’, ‘ಮಾರ್ಕ್ವಿಸ್ ಹೇಸ್ಟಿಂಗ್ಸ್, ಅಂದರೆ ವಾರನ್ ಹೇಸ್ಟಿಂಗ್ಸ್’ ಎನ್ನುವವರೆಗೆ ಬಂದ ಮೇಲೆ ಸುಮ್ಮನಿರಲಾಗದು.

ಬ್ರಿಟನ್ನಿನ ಕುಲೀನರ ಬಿರುದುಗಳಿಗೆ ಐದು ಮೆಟ್ಟಿಲು: ಡ್ಯೂಕ್, ಮಾರ್ಕ್ವೆಸ್, ಅರ್ಲ್, ವೈಕೌಂಟ್, ಬ್ಯಾರನ್. ಮಾರ್ಕ್ವೆಸ್ ಎಂಬುದು ಮೇಲಿನಿಂದ ಎರಡನೆಯ ಮೆಟ್ಟಿಲು. ಡ್ಯೂಕ್ ಒಬ್ಬನನ್ನು ಬಿಟ್ಟರೆ ಉಳಿದ ನಾಲ್ವರನ್ನೂ ಮಾತಿನಲ್ಲಿ ‘ಲಾರ್ಡ್’ ಎಂದೇ ಕರೆಯುತ್ತಾರೆ. ಹಾಗಾಗಿ ‘ಲಾರ್ಡ್’ ಎಂದಷ್ಟೇ ಓದಿ ಯಾರು ಯಾವ ಮೆಟ್ಟಿಲಲ್ಲಿದ್ದರು ಎಂದು ಹೇಳಲಾಗದು. ಉಚ್ಚಾರ ಮಾರ್ಕ್ವಿಸ್‌ಗೆ ಹತ್ತಿರ. ಕಾಗುಣಿತ ಬ್ರಿಟನ್ನಿನವರಿಗೆ ಮಾರ್ಕ್ವೆಸ್, ಹಳೆಯ ಪತ್ರಗಳಲ್ಲಿ ಎರಡೂ ಸಿಗುತ್ತವೆ, ಅದಕ್ಕೆ ಜಗಳ ಬೇಡ. ‘ಮಾರ್ಕಿ’ ಎಂಬುದು ಫ್ರೆಂಚರದು. ಫ್ರೆಂಚ್ ಸೇನಾನಿ ಬುಸ್ಸಿಯನ್ನು ಹಾಗೆ ಕರೆಯಿರಿ, ಕಾರ್ನ್‌ವಾಲಿಸ್‌ನನ್ನಲ್ಲ. ಹೆಂಡತಿ ಮಾರ್ಷನೆಸ್.

ಪದದ ಬೇರಿನಲ್ಲಿರುವುದು ಗಡಿ. ಹಳೆಯ ಜರ್ಮನಿಕ್ ನುಡಿಗಳಲ್ಲಿ ‘ಮಾರ್ಕಾ’ ಎಂದರೆ ಎಲ್ಲೆ, ಎಲ್ಲೆಯ ಪ್ರದೇಶ. ಡೆನ್ಮಾರ್ಕ್‌ನ ಕೊನೆಯಲ್ಲಿ ಉಳಿದಿರುವುದೂ ಅದೇ. ಫ್ರಾಂಕರ ಸಾಮ್ರಾಜ್ಯದಲ್ಲಿ ಒಳನಾಡಿನ ಸೀಮೆಗಳನ್ನು ಕೌಂಟ್ ಎಂಬ ಅಧಿಕಾರಿಗಳು ನೋಡಿಕೊಳ್ಳುತ್ತಿದ್ದರು. ಶತ್ರು ಯಾವಾಗ ನುಗ್ಗುತ್ತಾನೋ ಗೊತ್ತಿಲ್ಲದ ಗಡಿಸೀಮೆಗಳಲ್ಲಿ ಅರಮನೆಯ ಅಪ್ಪಣೆಗೆ ಕಾಯುತ್ತ ಕೂರಲಾಗದು. ಅಲ್ಲಿಯವನಿಗೆ ಹೆಚ್ಚು ದಂಡು ಬೇಕು, ತಾನೇ ತೀರ್ಮಾನಿಸುವ ಅಧಿಕಾರವೂ ಬೇಕು. ಹೀಗೆ ಗಡಿಯ ಕೌಂಟ್ ಉಳಿದ ಕೌಂಟ್‌ಗಳಿಗಿಂತ ಒಂದು ಗೇಣು ಎತ್ತರವಾದ. ಜರ್ಮನ್ನರು ಅವನನ್ನು ಮಾರ್ಕ್‌ಗ್ರಾಫ್ ಎಂದರು, ಲ್ಯಾಟಿನ್ ಸನ್ನದುಗಳು ‘ಮಾರ್ಕಿಯೊ’ ಎಂದವು, ಫ್ರೆಂಚರ ಬಾಯಲ್ಲಿ ‘ಮಾರ್ಕಿ’ ಆಯಿತು. ಇದೇ ಬೇರು ಪೂರ್ವಕ್ಕೂ ಚಾಚಿದೆ. ಪಾರಸಿಯಲ್ಲಿ ‘ಮರ್ಜ್’ ಎಂದರೆ ಗಡಿ, ‘ಮರ್ಜ್‌ಬಾನ್’ ಎಂದರೆ ಗಡಿ ಕಾಯುವವನು. ಇರಾನನ್ನು ಆಳಿದ ಸಸಾನಿಯರ ಕಾಲದಲ್ಲಿ ಅದೊಂದು ದೊಡ್ಡ ಅಧಿಕಾರ. ಇಂದಿಗೂ ಪಾರ್ಸಿಗಳಲ್ಲಿ ಆ ಹೆಸರಿದೆ. ಪುಟದ ಅಂಚಿಗೆ ನಾವು ಹೇಳುವ ಮಾರ್ಜಿನ್ ಕೂಡ ಇದೇ ಬಳಗದ್ದು.

ಇಷ್ಟು ಓದಿದವರು ತಕ್ಷಣ ‘ಗಡಿನಾಯಕ’, ‘ಮಾಂಡಲಿಕ’, ಇನ್ನೂ ಉತ್ಸಾಹವಿದ್ದರೆ ‘ಪಾಳೆಯಗಾರ’ ಎಂದು ಕನ್ನಡಿಸಲು ಹೊರಡುತ್ತಾರೆ. ದಯವಿಟ್ಟು ಬೇಡ. ಬೇರಿನ ಅರ್ಥವೇ ಬಳಕೆಯ ಅರ್ಥವಾಗಿ ಉಳಿಯಬೇಕೆಂದಿಲ್ಲ. ಇಂಗ್ಲೆಂಡಿಗೂ ವೇಲ್ಸಿಗೂ ನಡುವೆ ನಿಜವಾದ ಗಡಿಸೀಮೆ ಇತ್ತು, ಅದಕ್ಕೆ ‘ಮಾರ್ಚ್’ ಎಂದೇ ಹೆಸರಿತ್ತು, ಅಲ್ಲಿ ಕೋಟೆ ಕಟ್ಟಿಕೊಂಡು ಕಾದಾಡುತ್ತಿದ್ದ ಒಡೆಯರೂ ಇದ್ದರು. ಅವರಲ್ಲಿ ಒಬ್ಬನನ್ನೂ ಮಾರ್ಕ್ವೆಸ್ ಎನ್ನಲಿಲ್ಲ. 1328ರಲ್ಲಿ ರೋಜರ್ ಮಾರ್ಟಿಮರ್‌ಗೆ ಸಿಕ್ಕಿದ್ದು ‘ಅರ್ಲ್ ಆಫ್ ಮಾರ್ಚ್’: ಬಿರುದಿನಲ್ಲಿ ಗಡಿ ಇದೆ, ದರ್ಜೆ ಅರ್ಲ್‌ನದೇ. ಇಂಗ್ಲೆಂಡಿಗೆ ಮಾರ್ಕ್ವೆಸ್ ಬಂದದ್ದು ಅರಮನೆಯ ಪಂಕ್ತಿಯಲ್ಲಿ ಯಾರು ಯಾರಿಗಿಂತ ಮುಂದೆ ಎಂಬ ಲೆಕ್ಕವಾಗಿ ಮಾತ್ರ. ಹೇಸ್ಟಿಂಗ್ಸ್‌ನ ಮಾರ್ಕ್ವೆಸ್ ಹೇಸ್ಟಿಂಗ್ಸ್ ಊರನ್ನು ಆಳುತ್ತಿರಲಿಲ್ಲ. ಆ ಊರಿನಿಂದ ಕಂದಾಯವೂ ಬಿರುದಿನ ಹೆಸರಿನಲ್ಲಿ ಬರುತ್ತಿರಲಿಲ್ಲ.

ಇಂಗ್ಲೆಂಡಿನ ಮೊದಲ ಮಾರ್ಕ್ವೆಸ್ ರಾಬರ್ಟ್ ಡಿ ವೇರ್. ಎರಡನೆಯ ರಿಚರ್ಡ್ ದೊರೆ 1385ರಲ್ಲಿ ತನ್ನ ಈ ಮೆಚ್ಚಿನವನನ್ನು ಡಬ್ಲಿನ್‌ನ ಮಾರ್ಕ್ವೆಸ್ ಮಾಡಿ ಅರ್ಲ್‌ಗಳಿಗಿಂತ ಮೇಲೆ ಕೂರಿಸಿದ. ನೆನ್ನೆಯವರೆಗೆ ಪಕ್ಕದಲ್ಲಿ ಕೂರುತ್ತಿದ್ದವನು ಇವತ್ತು ಒಂದು ಪೀಠ ಮೇಲೆ! ಅರ್ಲ್‌ಗಳಿಗೆ ಮೈ ಉರಿಯಿತು. ಮರುವರ್ಷ ಅವನನ್ನು ಡ್ಯೂಕ್ ಮಾಡಲಾಯಿತು, ಉರಿ ಇನ್ನೂ ಹೆಚ್ಚಿತು. ಎರಡನೆಯವನು ಜಾನ್ ಬೋಫರ್ಟ್. 1397ರಲ್ಲಿ ಪಡೆದ ಬಿರುದನ್ನು 1399ರಲ್ಲಿ ಕಳೆದುಕೊಂಡ. 1402ರಲ್ಲಿ ಪಾರ್ಲಿಮೆಂಟಿನ ಕಾಮನ್ಸ್ ಸಭೆಯೇ ಅದನ್ನು ಮರಳಿಸಿ ಎಂದು ಕೇಳಿಕೊಂಡಾಗ ಬೇಡವೆಂದವನು ಬೋಫರ್ಟ್ ತಾನೇ: ಮಾರ್ಕ್ವೆಸ್ ಎಂಬ ಹೆಸರು ಈ ದೇಶಕ್ಕೆ ಪರಕೀಯ ಎಂಬುದು ಅವನ ಕಾರಣ. ಇಂಗ್ಲೆಂಡಿನ ಮಾರ್ಕ್ವೆಸ್‌ಗಳಲ್ಲಿ ಇಂದಿಗೂ ಉಳಿದಿರುವ ಹಿರಿಯ ಬಿರುದು ವಿಂಚೆಸ್ಟರ್‌ನದು, 1551ರಲ್ಲಿ ವಿಲಿಯಂ ಪಾಲೆಟ್‌ಗೆ ಸಿಕ್ಕಿದ್ದು.

ಬಿರುದಿನ ಕಥೆಯಲ್ಲಿ ನಿಜವಾಗಿ ಗಮನಿಸಬೇಕಾದದ್ದು ಸನ್ನದು. ದೊರೆಯ ಮೊಹರಿನ ಆ ಪತ್ರದಲ್ಲಿ ಬಿರುದು ಯಾರಿಗೆ ಎಂಬುದರ ಜತೆಗೆ ಅವನ ನಂತರ ಯಾರಿಗೆ ಎಂಬುದೂ ಬರೆದಿರುತ್ತದೆ. ಸಾಮಾನ್ಯವಾಗಿ ‘ಅವನ ಒಡಲಿನ ಗಂಡು ವಾರಸುದಾರರಿಗೆ, ಧರ್ಮಬದ್ಧವಾಗಿ ಹುಟ್ಟಿದವರಿಗೆ’ ಎಂಬ ಅರ್ಥದ ಮಾತು. 1532ರ ಸೆಪ್ಟೆಂಬರಿನಲ್ಲಿ ಎಂಟನೆಯ ಹೆನ್ರಿ ದೊರೆ ತಾನು ಮದುವೆಯಾಗಲಿದ್ದ ಆ್ಯನ್ ಬೊಲಿನ್‌ಳಿಗೆ ಪೆಂಬ್ರೋಕ್‌ನ ಮಾರ್ಕ್ವೆಸ್ ಬಿರುದು ಕೊಟ್ಟಾಗ ‘ಧರ್ಮಬದ್ಧವಾಗಿ’ ಎಂಬ ಮಾತನ್ನು ಸನ್ನದಿನಿಂದ ಬಿಡಲಾಗಿತ್ತು. ಮದುವೆ ಇನ್ನೂ ಆಗಿರಲಿಲ್ಲ. ಮಗ ಮೊದಲು ಹುಟ್ಟಿಬಿಟ್ಟರೆ ಎಂಬ ಮುನ್ನೆಚ್ಚರಿಕೆ ಎಂದೇ ಅದನ್ನು ಓದುತ್ತಾರೆ.

ಈ ಷರತ್ತು ಹೇಗೆ ಕೆಲಸ ಮಾಡುತ್ತದೆಂದು ನೋಡಲು ಕಾರ್ನ್‌ವಾಲಿಸ್‌ನ ಮನೆ ಸಾಕು. ಅಪ್ಪನಿಗೆ 1753ರಲ್ಲಿ ಅರ್ಲ್ ಪದವಿ ಬಂತು. ನಮ್ಮ ಕಾರ್ನ್‌ವಾಲಿಸ್ ಅದನ್ನು 1762ರಲ್ಲಿ ವಾರಸಾಗಿ ಪಡೆದ ಎರಡನೆಯ ಅರ್ಲ್. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಸೋತು ಶರಣಾದಾಗಲೂ, 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಹಿಡಿದಾಗಲೂ ಅರ್ಲ್. ಟಿಪ್ಪುವಿನ ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಇಬ್ಬರು ಮಕ್ಕಳ ಒತ್ತೆ ಎಂಬ 1792ರ ಒಪ್ಪಂದದ ನಂತರವೇ, ಅದೇ ವರ್ಷ, ಮಾರ್ಕ್ವೆಸ್. 1805ರಲ್ಲಿ ಘಾಜಿಪುರದಲ್ಲಿ ಸತ್ತಾಗ ಎರಡೂ ಬಿರುದು ಮಗನಿಗೆ ಹೋದವು. ಮಗ 1823ರಲ್ಲಿ ಸತ್ತ, ಇದ್ದವರೆಲ್ಲ ಹೆಣ್ಣುಮಕ್ಕಳು. ಮಾರ್ಕ್ವೆಸ್ ಪದವಿ ಅಲ್ಲಿಗೇ ಮುಗಿಯಿತು. ಆದರೆ ಅರ್ಲ್ ಪದವಿ ಮುಗಿಯಲಿಲ್ಲ, ಚಿಕ್ಕಪ್ಪ ಜೇಮ್ಸ್ ಎಂಬ ಬಿಷಪ್‌ಗೆ ಹೋಯಿತು. ಯಾಕೆಂದರೆ ಅರ್ಲ್ ಪದವಿಯ ಸನ್ನದು ಅಪ್ಪನ ಸಂತಾನಕ್ಕೆ ಬರೆದದ್ದು, ಜೇಮ್ಸ್ ಆ ಅಪ್ಪನ ಮಗ. ಮಾರ್ಕ್ವೆಸ್ ಪದವಿಯ ಸನ್ನದು 1792ರ ಕಾರ್ನ್‌ವಾಲಿಸ್‌ನ ಸಂತಾನಕ್ಕೆ ಮಾತ್ರ. ತಮ್ಮ ಅದರಲ್ಲಿ ಬರುವುದಿಲ್ಲ. ಒಂದೇ ಮನುಷ್ಯನ ತಲೆಯ ಮೇಲೆ ಕೂತ ಎರಡು ಬಿರುದುಗಳು ಎರಡು ದಾರಿ ಹಿಡಿಯುವುದು ಹೀಗೆ. ‘ಕಾರ್ನ್‌ವಾಲಿಸ್ ವಂಶ 1823ಕ್ಕೆ ಅಳಿಯಿತು’ ಎಂದು ಬರೆಯುವವರು ಈ ವ್ಯತ್ಯಾಸ ತಿಳಿಯದವರು. ಅರ್ಲ್ ಪದವಿ 1852ರವರೆಗೆ ಇತ್ತು.

ವೆಲ್ಲೆಸ್ಲಿಯದು ಇನ್ನೂ ಸ್ವಾರಸ್ಯ. ಅವನಿಗೆ ಸಿಕ್ಕ ಮಾರ್ಕ್ವೆಸ್ ಪದವಿ ಐರ್ಲೆಂಡಿನ ಪಟ್ಟಿಯದು, ಬ್ರಿಟನ್ನಿನದಲ್ಲ. ಮೈಸೂರನ್ನು ಗೆದ್ದುಕೊಟ್ಟವನಿಗೆ ಎರಡನೇ ದರ್ಜೆಯ ಮರ್ಯಾದೆ ಎಂದು ಸಿಟ್ಟುಗೊಂಡು, ಇದು ಎರಡು ಸಲ ಗಿಲೀಟು ಮಾಡಿದ ಆಲೂಗಡ್ಡೆ ಎಂದು ಪ್ರಧಾನಿ ಪಿಟ್‌ಗೆ ಬರೆದ. ಸುದ್ದಿ ಹಡಗಿನಲ್ಲಿ ಬರಲು ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕಾಲ. ಆದ್ದರಿಂದ ಬಿರುದಿನ ತಾರೀಖು 1799 ಆದರೂ ಕಲ್ಕತ್ತೆಯಲ್ಲಿ ಅದು ಗೊತ್ತಾದದ್ದು 1800ರಲ್ಲಿ. ಇಂಥವರು ರುಜು ಹಾಕುವುದು ಬಿರುದಿನ ಹೆಸರನ್ನಷ್ಟೇ. ಯುದ್ಧಕಾಲದ ಪತ್ರಗಳ ಕೆಳಗೆ ‘ಮಾರ್ನಿಂಗ್ಟನ್’ ಎಂದಿದ್ದು, ಆಮೇಲಿನವುಗಳಲ್ಲಿ ‘ವೆಲ್ಲೆಸ್ಲಿ’ ಎಂದಿದ್ದರೆ ಗವರ್ನರ್ ಜನರಲ್ ಬದಲಾದನೆಂದು ತಿಳಿಯಬೇಡಿ. ಇಬ್ಬರೂ ಒಬ್ಬನೇ. ಮಕ್ಕಳಿದ್ದರು, ಆದರೆ ಮದುವೆಗೆ ಮುಂಚೆ ಹುಟ್ಟಿದವರು. ಸನ್ನದಿನ ಆ ಒಂದು ಮಾತು ಅಡ್ಡ ಬಂತು. 1842ರಲ್ಲಿ ಅವನೊಂದಿಗೇ ಮಾರ್ಕ್ವೆಸ್ ಪದವಿಯೂ ಹೋಯಿತು. ಮಾರ್ನಿಂಗ್ಟನ್ ಮಾತ್ರ ತಮ್ಮ ವಿಲಿಯಂಗೆ ಬಂತು.

ಇನ್ನೊಬ್ಬ ತಮ್ಮ ಆರ್ಥರ್. ಶ್ರೀರಂಗಪಟ್ಟಣದ ಉಸ್ತುವಾರಿ ನೋಡಿಕೊಂಡವನು, 1800ರಲ್ಲಿ ಧೋಂಡಿಯಾ ವಾಘ್‌ನನ್ನು ಬೆನ್ನಟ್ಟಿ ಮುಗಿಸಿದವನು, ಆಗ ಬರೇ ಕರ್ನಲ್ ವೆಲ್ಲೆಸ್ಲಿ. ವೆಲಿಂಗ್ಟನ್ ಎಂಬ ಹೆಸರು ಅವನಿಗೆ ಬಂದದ್ದು 1809ರಲ್ಲಿ ವೈಕೌಂಟ್ ಆದಾಗ. 1812ರಲ್ಲಿ ಮೊದಲು ಅರ್ಲ್, ಅದೇ ವರ್ಷ ಮಾರ್ಕ್ವೆಸ್, 1814ರಲ್ಲಿ ಡ್ಯೂಕ್. ಹೀಗಾಗಿ ‘ಮಾರ್ಕ್ವೆಸ್ ವೆಲ್ಲೆಸ್ಲಿ’ ಅಣ್ಣ, ‘ಮಾರ್ಕ್ವೆಸ್ ಆಫ್ ವೆಲಿಂಗ್ಟನ್’ ತಮ್ಮ. ಶ್ರೀರಂಗಪಟ್ಟಣದಲ್ಲಿ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಕಾವೇರಿಗೆ ಕಟ್ಟಿದ ವೆಲ್ಲೆಸ್ಲಿ ಸೇತುವೆಯ ಹೆಸರು ಅಣ್ಣನದು. ತಮ್ಮ ಆ ಊರಿನಲ್ಲಿ ಇದ್ದನೆಂಬ ಕಾರಣಕ್ಕೆ ಸೇತುವೆಯನ್ನು ಅವನ ಹೆಸರಿಗೆ ಬರೆದುಕೊಡುವುದು ಮಾಮೂಲಿ ತಪ್ಪು.

‘ಆಫ್’ ಬರುವುದಕ್ಕೂ ಒಂದು ಲೆಕ್ಕವಿದೆ. ಬಿರುದು ಊರಿನ ಹೆಸರಾದರೆ ‘ಆಫ್’: ಮಾರ್ಕ್ವೆಸ್ ಆಫ್ ವಿಂಚೆಸ್ಟರ್. ಮನೆತನದ ಹೆಸರಾದರೆ ಸಾಮಾನ್ಯವಾಗಿ ಇಲ್ಲ: ಮಾರ್ಕ್ವೆಸ್ ಕಾರ್ನ್‌ವಾಲಿಸ್. ‘ಮಾರ್ಕ್ವೆಸ್ ಆಫ್ ವೆಲ್ಲೆಸ್ಲಿ’ ಎಂಬ ಬಿರುದೇ ಇರಲಿಲ್ಲ.

ಈಗ ಹೇಸ್ಟಿಂಗ್ಸ್. ವಾರನ್ ಹೇಸ್ಟಿಂಗ್ಸ್ ಲಾರ್ಡ್ ಅಲ್ಲ, ಯಾವ ಮೆಟ್ಟಿಲಿನ ಲಾರ್ಡೂ ಅಲ್ಲ. 1785ರಲ್ಲಿ ಹಿಂತಿರುಗಿದವನಿಗೆ ಸಿಕ್ಕಿದ್ದು ಬಿರುದಲ್ಲ, 1788ರಿಂದ 1795ರವರೆಗೆ ಪಾರ್ಲಿಮೆಂಟಿನ ಮಹಾಭಿಯೋಗ. ‘ಲಾರ್ಡ್ ಹೇಸ್ಟಿಂಗ್ಸ್’ ಬೇರೆಯೇ ಮನುಷ್ಯ: ಫ್ರಾನ್ಸಿಸ್ ರಾಡನ್-ಹೇಸ್ಟಿಂಗ್ಸ್, 1813ರಿಂದ 1823ರವರೆಗೆ ಗವರ್ನರ್ ಜನರಲ್. ಬಂದಾಗ ಮೊಯ್ರಾದ ಅರ್ಲ್, ನೇಪಾಳದ ಯುದ್ಧದ ನಂತರ 1817ರಲ್ಲಿ ಹೇಸ್ಟಿಂಗ್ಸ್‌ನ ಮಾರ್ಕ್ವೆಸ್. ಆದ್ದರಿಂದ 1814ರ ಕಾಗದಗಳಲ್ಲಿ ‘ಲಾರ್ಡ್ ಮೊಯ್ರಾ’ನನ್ನು ಹುಡುಕಿ, 1820ರವುಗಳಲ್ಲಿ ‘ಲಾರ್ಡ್ ಹೇಸ್ಟಿಂಗ್ಸ್’ನನ್ನು. ಆ ಮಾರ್ಕ್ವೆಸ್ ಪದವಿ ನಾಲ್ಕನೆಯವನಿಗೆ ಬಂದು, ಆ ಹುಡುಗ ಕುದುರೆ ಜೂಜಿನಲ್ಲಿ ಮನೆ ತೊಳೆದು, 1868ರಲ್ಲಿ 26ನೆಯ ವಯಸ್ಸಿಗೇ ಸತ್ತು, ಕೊನೆಗೊಂಡಿತು.

ಉಳಿದ ಗವರ್ನರ್ ಜನರಲ್, ವೈಸ್ರಾಯ್‌ಗಳನ್ನು ಬೇಗ ಮುಗಿಸುತ್ತೇನೆ. ಡಾಲ್‌ಹೌಸಿ ಬಂದದ್ದು ಅರ್ಲ್ ಆಗಿ, ಪಂಜಾಬ್ ನುಂಗಿದ ಮೇಲೆ 1849ರಲ್ಲಿ ಮಾರ್ಕ್ವೆಸ್. ಗಂಡು ಸಂತಾನವಿಲ್ಲದೆ 1860ರಲ್ಲಿ ಅದು ಅಳಿದು, ಅರ್ಲ್ ಪದವಿ ದಾಯಾದಿಗೆ ಹೋಯಿತು. ಮೈಸೂರಿನ ಚಿಕ್ಕ ಗಡಿಯಾರಕ್ಕೆ ಹೆಸರು ಕೊಟ್ಟ ಡಫರಿನ್ ಇಲ್ಲಿದ್ದ ಬಹುಪಾಲು ಕಾಲ ಅರ್ಲ್. ಬರ್ಮಾ ಸೇರಿಸಿದ್ದಕ್ಕೆ 1888ರಲ್ಲಿ ‘ಡಫರಿನ್ ಮತ್ತು ಆವಾದ ಮಾರ್ಕ್ವೆಸ್’. ಆವಾ ಬರ್ಮಾದ ಹಳೆಯ ರಾಜಧಾನಿ. ಮೈಸೂರಿನದೇ ಲ್ಯಾನ್ಸ್‌ಡೌನ್ ಕಟ್ಟಡದ ಲ್ಯಾನ್ಸ್‌ಡೌನ್ ಮಾತ್ರ ಬಿರುದನ್ನು ಅಪ್ಪನಿಂದ ಪಡೆದ ಐದನೆಯ ಮಾರ್ಕ್ವೆಸ್, ಭಾರತಕ್ಕಾಗಿ ಗಳಿಸಿದ್ದಲ್ಲ. 1881ರಲ್ಲಿ ಮೈಸೂರು ಒಡೆಯರ ಕೈಗೆ ಮರಳಿದಾಗ ವೈಸ್ರಾಯ್ ಆಗಿದ್ದ ರಿಪ್ಪನ್ ಕೂಡ ಬರುವ ಮುನ್ನವೇ, 1871ರಲ್ಲಿ, ಮಾರ್ಕ್ವೆಸ್ ಆಗಿದ್ದ. ಕರ್ಜನ್ ವೈಸ್ರಾಯ್ ಆಗಿದ್ದಾಗ ಬರೇ ಬ್ಯಾರನ್. ಮಾರ್ಕ್ವೆಸ್ ಆದದ್ದು 1921ರಲ್ಲಿ, ಬಂಗಾಳ ಒಡೆದ ಹದಿನಾರು ವರ್ಷಗಳ ಮೇಲೆ. 1936ರ ವಿಲಿಂಗ್ಡನ್‌ನ ನಂತರ ಹೊಸದಾಗಿ ಯಾರನ್ನೂ ಮಾರ್ಕ್ವೆಸ್ ಮಾಡಿಲ್ಲ.

ಹಳೆಯ ಚಿತ್ರ, ಸಮಾಧಿ, ಕೆತ್ತನೆಗಳಲ್ಲಿ ದರ್ಜೆ ಗುರುತಿಸಲು ಕಿರೀಟ ನೋಡಿ. ಡ್ಯೂಕ್‌ನ ಕಿರೀಟದ ಸುತ್ತ ಎಂಟು ಸ್ಟ್ರಾಬೆರಿ ಎಲೆ. ಮಾರ್ಕ್ವೆಸ್‌ನದಕ್ಕೆ ನಾಲ್ಕು ಎಲೆ, ನಡುನಡುವೆ ನಾಲ್ಕು ಬೆಳ್ಳಿ ಗುಂಡು. ಚಪ್ಪಟೆಯಾಗಿ ಬರೆದಾಗ ಮೂರು ಎಲೆ, ಎರಡು ಗುಂಡು ಕಾಣುತ್ತವೆ. ಗುಂಡುಗಳು ಎತ್ತರದ ಕಡ್ಡಿಗಳ ಮೇಲೆ ನಿಂತು ಐದು ಕಂಡರೆ ಅರ್ಲ್. ಪಟ್ಟಾಭಿಷೇಕದ ನಿಲುವಂಗಿಯಲ್ಲಾದರೆ ತುಪ್ಪಳದ ಪಟ್ಟಿ ಎಣಿಸಿ: ಡ್ಯೂಕ್‌ಗೆ ನಾಲ್ಕು, ಮಾರ್ಕ್ವೆಸ್‌ಗೆ ಮೂರೂವರೆ, ಅರ್ಲ್‌ಗೆ ಮೂರು.

ಇನ್ನು ‘ಲಾರ್ಡ್’ ಜತೆ ಮೊದಲ ಹೆಸರು ಸೇರಿಸುವ ಚಾಳಿ. ‘ಲಾರ್ಡ್ ರಿಚರ್ಡ್ ವೆಲ್ಲೆಸ್ಲಿ’, ‘ಲಾರ್ಡ್ ಜಾರ್ಜ್ ಕರ್ಜನ್’ ಎರಡೂ ತಪ್ಪು. ಲಾರ್ಡ್, ಮೊದಲ ಹೆಸರು, ಮನೆತನದ ಹೆಸರು ಎಂಬ ಜೋಡಣೆ ಡ್ಯೂಕ್ ಮತ್ತು ಮಾರ್ಕ್ವೆಸ್‌ಗಳ ಕಿರಿಯ ಗಂಡುಮಕ್ಕಳಿಗೆ ಮೀಸಲು. ಅದು ಅಪ್ಪನ ಕಾರಣಕ್ಕೆ ಸಿಗುವ ಉಪಚಾರ, ಅವರ ಸ್ವಂತ ಪದವಿಯಲ್ಲ. 1831ರಲ್ಲಿ ಮೈಸೂರಿನ ಆಡಳಿತ ಕಿತ್ತುಕೊಂಡ ಬೆಂಟಿಂಕ್ ಪೋರ್ಟ್‌ಲ್ಯಾಂಡಿನ ಡ್ಯೂಕ್‌ನ ಕಿರಿಮಗ. ಆದ್ದರಿಂದ ‘ಲಾರ್ಡ್ ವಿಲಿಯಂ ಬೆಂಟಿಂಕ್’ ಸರಿ, ಚುಟುಕಾಗಿ ಬೇಕಾದರೆ ‘ಲಾರ್ಡ್ ವಿಲಿಯಂ’. ನಮ್ಮ ಪಠ್ಯಪುಸ್ತಕಗಳ ‘ಲಾರ್ಡ್ ಬೆಂಟಿಂಕ್’ ತಪ್ಪು. ಅವನು ಊರಿಗೆ ಹೋಗಿ ಗ್ಲಾಸ್ಗೋದಿಂದ ಗೆದ್ದು ಕೂತದ್ದು ಲಾರ್ಡ್‌ಗಳ ಸಭೆಯಲ್ಲಲ್ಲ, ಕಾಮನ್ಸ್ ಸಭೆಯಲ್ಲಿ.

ಕೊನೆಗೆ ಒಂದು ಉಚ್ಚಾರ. 1921ರಿಂದ 1926ರವರೆಗಿನ ವೈಸ್ರಾಯ್ ರೂಫಸ್ ಐಸಾಕ್ಸ್ ಹಿಂತಿರುಗಿದ ವರ್ಷ ಮಾರ್ಕ್ವೆಸ್ ಆದ. ಹಣ್ಣಿನ ವ್ಯಾಪಾರಿಯ ಮಗ, 1914ರಲ್ಲಿ ಬ್ಯಾರನ್ ಆಗಿ, ವೈಕೌಂಟ್, ಅರ್ಲ್ ಆಗಿ, ಒಂದೊಂದೇ ಮೆಟ್ಟಿಲು ಹತ್ತಿದವನು. ಅವನ ಬಿರುದಿನ ಊರು ಬರ್ಕ್‌ಷೈರ್‌ನದು. ನಾವು ಓದುವ ‘ರೀಡಿಂಗ್’ ಅಲ್ಲ ಅದು, ‘ರೆಡ್ಡಿಂಗ್’.