ಸುಪಾರಿ ಪೊಟ್ಟಣದ ಮೇಲೆ ಕ್ಯಾನ್ಸರ್ ಎಂಬ ಪದ ಏಕಿಲ್ಲ?

"ಡಾಕ್ಟ್ರೇ, ನಾನು ತಂಬಾಕು ಮುಟ್ಟಿದವನೇ ಅಲ್ಲ, ಬರೀ ಸ್ವೀಟ್ ಸುಪಾರಿ." ಬಾಯಿ ಬಿಗಿದುಕೊಂಡು ನನ್ನ ದಂತ ಚಿಕಿತ್ಸಾಲಯಕ್ಕೆ ಬರುವವರಿಂದ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅವರು ಸುಳ್ಳು ಹೇಳುತ್ತಿರುವುದಿಲ್ಲ. ಸಾರಿನ ಖಾರಕ್ಕೂ ಅವರ ಬಾಯಿ ಉರಿಯುತ್ತದೆ, ಕೆನ್ನೆಯ ಒಳಪದರ ಬಿಳಿಚಿಕೊಂಡು ಗಟ್ಟಿಯಾಗಿರುತ್ತದೆ, ಅಳತೆಪಟ್ಟಿ ಹಿಡಿದರೆ ಮೇಲಿನ ಮತ್ತು ಕೆಳಗಿನ ಬಾಚಿಹಲ್ಲುಗಳ ನಡುವೆ ಎಷ್ಟೋ ಸಲ 20 ಮಿಲಿಮೀಟರ್ ಕೂಡ ಸಿಗುವುದಿಲ್ಲ. ಆರೋಗ್ಯವಂತ ವಯಸ್ಕರಲ್ಲಿ ಆ ಅಂತರ 40ರ ಆಸುಪಾಸಿನಲ್ಲಿರುತ್ತದೆ.

ಈ ಕಾಯಿಲೆಗೆ ನಾವು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತೇವೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಕ್ಷಾರವಸ್ತು ಬಾಯಿಯ ಒಳಪದರದ ಕೋಶಗಳನ್ನು ಕೆಣಕಿ ಅತಿಯಾಗಿ ನಾರು ಉತ್ಪಾದಿಸುವಂತೆ ಮಾಡುತ್ತದೆ. ಅಡಿಕೆಯ ಟ್ಯಾನಿನ್ ಮತ್ತು ತಾಮ್ರದ ಅಂಶ ಆ ನಾರುಗಳನ್ನು ಒಂದಕ್ಕೊಂದು ಬಿಗಿದು, ದೇಹವು ಅವನ್ನು ಸಹಜವಾಗಿ ಕರಗಿಸಿಕೊಳ್ಳದಂತೆ ತಡೆಯುತ್ತವೆ. ನಮ್ಮ ದೇಶದಲ್ಲೇ ಇಂತಹ ರೋಗಿಗಳ ಒಂದು ಗುಂಪನ್ನು 17 ವರ್ಷ ಗಮನಿಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇ 7.6ರಷ್ಟು ಮಂದಿಗೆ ಬಾಯಿಯ ಕ್ಯಾನ್ಸರ್ ಬಂದಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರ ತನ್ನ ಸಂಪುಟದಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ಖಚಿತವಾದ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕು ಇರುವುದೂ ಅದೇ ಗುಂಪಿನಲ್ಲಿ.

ಪೊಟ್ಟಣಗಳನ್ನು ನೋಡಿದರೆ ಇದು ತಿಳಿಯುವುದಿಲ್ಲ. 2016ರಿಂದ ತಂಬಾಕಿನ ಪೊಟ್ಟಣದ ಶೇ 85 ಭಾಗವನ್ನು ರೋಗಗ್ರಸ್ತ ಅಂಗದ ಚಿತ್ರ ಮತ್ತು ಎಚ್ಚರಿಕೆ ಆವರಿಸಬೇಕು. ಸುಪಾರಿ ಮಾತ್ರ ನಮ್ಮ ಕಾನೂನಿನ ಕಣ್ಣಿನಲ್ಲಿ ಆಹಾರ ಪದಾರ್ಥ; ಅದರ ಮೇಲೆ "ಸುಪಾರಿ ಜಗಿಯುವುದು ಆರೋಗ್ಯಕ್ಕೆ ಹಾನಿಕರ" ಎಂಬ ಅರ್ಥದ ಒಂದು ಸಾಲಿದ್ದರೆ ಸಾಕು. ಪಾನ್ ಮಸಾಲಾ ಪೊಟ್ಟಣದ ಮುಂಭಾಗದ ಅರ್ಧದಷ್ಟು ಜಾಗಕ್ಕೆ ಎಚ್ಚರಿಕೆಯನ್ನು ಹಿಗ್ಗಿಸುವ ನಿಯಮ ಬಂದರೂ ಅದರ ಮಾತು ಬದಲಾಗಲಿಲ್ಲ. ಆರೋಗ್ಯಕ್ಕೆ ಹಾನಿಕರ ಎಂಬುದು ಕರಿದ ತಿಂಡಿಗೂ ಸಲ್ಲುತ್ತದೆ. ಯಾವ ಹಾನಿ, ಯಾವ ಅಂಗಕ್ಕೆ ಎಂದು ಅದು ತಿಳಿಸುವುದಿಲ್ಲ. ಜೊತೆಗೆ, ಆಹಾರದ ಲೇಬಲ್‌ನ ಕಡ್ಡಾಯ ವಿವರಗಳು ಇಂಗ್ಲಿಷ್‌ನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇದ್ದರೆ ಸಾಕಾಗಿರುವುದರಿಂದ, ಚನ್ನಗಿರಿಯ ಗೂಡಂಗಡಿಯಲ್ಲಿ ಪೊಟ್ಟಣ ಕೊಳ್ಳುವ ಹುಡುಗನಿಗೆ ಕನ್ನಡದಲ್ಲಿ ಎಚ್ಚರಿಕೆ ಸಿಗಲೇಬೇಕೆಂಬ ಕಟ್ಟುಪಾಡಿಲ್ಲ. ನನ್ನನ್ನು ಅತ್ಯಂತ ನೋಯಿಸುವ ಸಂಗತಿ ಇದೇ.

ಕ್ಯಾನ್ಸರ್‌ಕಾರಕ ಎಂಬ ಗುಮಾನಿ ಇರುವ ಎಲ್ಲ ತಿನಿಸಿಗೂ ಎಚ್ಚರಿಕೆ ಹಚ್ಚಬೇಕೆಂದು ನಾನು ಹೇಳುತ್ತಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1986ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 65 ಎಂಬ ಕಾನೂನಿನ ಪಟ್ಟಿ ಸುಮಾರು 900 ರಾಸಾಯನಿಕಗಳಿಗೆ ಬೆಳೆಯಿತು. ಕಾಳು ಹುರಿಯುವಾಗ ತಾನಾಗಿ ಹುಟ್ಟುವ ಅಕ್ರಿಲಮೈಡ್‌ನ ಕಾರಣಕ್ಕೆ ಕಾಫಿಗೂ ಎಚ್ಚರಿಕೆ ಬೇಕೆಂದು 2018ರಲ್ಲಿ ಅಲ್ಲಿನ ನ್ಯಾಯಾಧೀಶರೊಬ್ಬರು ತೀರ್ಪಿತ್ತರೆ, ಮರುವರ್ಷ ರಾಜ್ಯವೇ ಕಾಫಿಯನ್ನು ಅದರಿಂದ ಹೊರಗಿಟ್ಟಿತು. ಕಂಡಕಂಡಲ್ಲೆಲ್ಲ ಎಚ್ಚರಿಕೆ ಇದ್ದರೆ ಜನ ಯಾವುದನ್ನೂ ಓದುವುದಿಲ್ಲ. ಪುರಾವೆ ಗಟ್ಟಿಯಾಗಿದ್ದು, ಜನ ನಿತ್ಯ ಬಳಸುವ ಪ್ರಮಾಣದಲ್ಲೇ ರೋಗ ಕಾಣಿಸಿಕೊಳ್ಳುತ್ತಿದ್ದರೆ ಮಾತ್ರ ಆ ಪದವನ್ನು ಅಚ್ಚು ಹಾಕಬೇಕು. ಅಡಿಕೆಯ ವಿಷಯದಲ್ಲಿ ಎರಡೂ ಇವೆ.

ನಾನೂ ಅಡಿಕೆ ತೋಟದ ಮನೆಯಲ್ಲೇ ಬೆಳೆದವಳು. ನನ್ನ ಓದಿಗೆ ಹಣ ಬಂದದ್ದು ಕೊನೆ ಕೊಯ್ಲಿನಿಂದ. ಹೀಗಾಗಿ, ದೋಷವೆಲ್ಲ ತಂಬಾಕಿನದು, ಅಡಿಕೆಗೆ ವೃಥಾ ಅಪವಾದ ಎಂದು ಬೆಳೆಗಾರರು ಹೇಳುವಾಗ ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಅಡಿಕೆಯ ಜೊತೆ ತಂಬಾಕು ಸೇರಿಸುವ ರೂಢಿಯೇ ಇಲ್ಲದ ತೈವಾನ್‌ನಲ್ಲೂ ಜಗಿಯುವವರಲ್ಲಿ ಬಾಯಿಯ ಕ್ಯಾನ್ಸರ್ ಹೆಚ್ಚೆಂಬುದು ದಾಖಲಾಗಿದೆ. ಅಪರೂಪಕ್ಕೊಮ್ಮೆ ಮದುವೆ ಮನೆಯಲ್ಲಿ ತಾಂಬೂಲ ಹಾಕಿಕೊಳ್ಳುವವರು ನನ್ನ ಚಿಂತೆಯಲ್ಲ. ಬೆಳಗಿನಿಂದ ರಾತ್ರಿಯವರೆಗೆ ಕೆನ್ನೆಯೊಳಗೆ ಸುಪಾರಿ ಇಟ್ಟುಕೊಳ್ಳುವ ಹದಿಹರೆಯದವರನ್ನು ನೆನೆದೇ ಇದನ್ನು ಬರೆಯುತ್ತಿದ್ದೇನೆ.

"ಅಡಿಕೆ ಜಗಿಯುವುದರಿಂದ ಬಾಯಿಯ ಕ್ಯಾನ್ಸರ್ ಬರುತ್ತದೆ" ಎಂಬ ಸಾಲು, ಮಾರಾಟವಾಗುವ ರಾಜ್ಯದ ಭಾಷೆಯಲ್ಲಿ, ಬಿಗಿದ ಬಾಯಿಯ ಚಿತ್ರದೊಂದಿಗೆ ಪೊಟ್ಟಣದ ಮುಂಭಾಗದಲ್ಲಿರಬೇಕು ಎಂಬುದು ನನ್ನ ಬೇಡಿಕೆ. ಅದು ಬರುವವರೆಗೆ ಜಗಿಯುವವರು ಮನೆಯಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳಬಹುದು: ತಮ್ಮದೇ ಮೂರು ಬೆರಳುಗಳನ್ನು ಜೋಡಿಸಿ, ಒಂದರ ಮೇಲೊಂದು ಬರುವಂತೆ ಮುಂಹಲ್ಲುಗಳ ನಡುವೆ ಇಟ್ಟು ನೋಡಬೇಕು. ಹಿಡಿಸದಿದ್ದರೆ ಅಂದೇ ಜಗಿಯುವುದನ್ನು ಬಿಟ್ಟು ದಂತವೈದ್ಯರನ್ನು ಕಾಣಬೇಕು, ಏಕೆಂದರೆ ಒಮ್ಮೆ ಗಟ್ಟಿಯಾದ ನಾರನ್ನು ಪೂರ್ತಿ ಮೊದಲಿನಂತಾಗಿಸುವ ಔಷಧ ನಮ್ಮ ಬಳಿ ಇಲ್ಲ.