ನಿಂತ ರಕ್ತ ನಿಂತೇ ಇರಬೇಕಲ್ಲ

ಶ್ರೀನಿವಾಸಪುರದ ಕಡೆ ಇರುವ ನಮ್ಮ ಸೋದರತ್ತೆ ಮೊದಲ ಸಲ ದವಡೆ ಹಲ್ಲು ಕೀಳಿಸಿಕೊಂಡು ಹನ್ನೆರಡು ವರ್ಷವಾಯಿತು. ಕಿತ್ತ ಜಾಗಕ್ಕೆ ಹತ್ತಿ ಇಟ್ಟು ಮನೆಗೆ ಕಳಿಸಿದ್ದರು. ಬಸ್ಸು ಇಳಿಯುವ ಹೊತ್ತಿಗೆ ಸೆರಗೆಲ್ಲ ಕೆಂಪು. ಮನೆಯಲ್ಲಿ ಲವಂಗ ಇಟ್ಟರು, ಅರಿಶಿನ ಒತ್ತಿದರು, ಪಕ್ಕದ ಮನೆಯವರು ಕಾಫಿಪುಡಿ ತಂದರು. ಬೆಳಗಿನ ಜಾವದವರೆಗೂ ಬೋಗುಣಿ ಹಿಡಿದುಕೊಂಡೇ ಕೂತಿದ್ದರಂತೆ. ಮಾರನೆಯ ದಿನ ಕೋಲಾರಕ್ಕೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದರೆ ಪ್ಲೇಟ್‌ಲೆಟ್ 19 ಸಾವಿರ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇರಬೇಕಾದದ್ದು 1.5 ಲಕ್ಷದಿಂದ 4.5 ಲಕ್ಷ.

ಅದೇ ಅತ್ತೆ ಹೋದ ವರ್ಷ ಮಾವಿನ ಸುಗ್ಗಿಯಲ್ಲಿ ಇನ್ನೊಂದು ದವಡೆ ಹಲ್ಲು ಕೀಳಿಸಿದರು. ಕಾಯಿಲೆ ಹೋಗಿರಲಿಲ್ಲ, ಕೌಂಟ್ ಸಾಮಾನ್ಯವಾಗಿ 28 ಸಾವಿರದ ಆಸುಪಾಸಿನಲ್ಲೇ ಇರುತ್ತಿತ್ತು. ಆದರೆ ಆ ರಾತ್ರಿ ಮನೆಯವರೆಲ್ಲ ನಿದ್ದೆ ಮಾಡಿದರು.

ಮೊದಲು ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಡೆಂಗಿ ಬಂದಾಗ ನಮ್ಮಲ್ಲಿ ‘ಬಿಳಿ ರಕ್ತಕಣ ಕಮ್ಮಿಯಾಗಿದೆ’ ಅನ್ನುವುದು ರೂಢಿ. ಹೇಳುತ್ತಿರುವುದು ಪ್ಲೇಟ್‌ಲೆಟ್ ವಿಷಯ, ಹೆಸರು ಮಾತ್ರ ಬೇರೆಯವರದು. ಬಿಳಿ ರಕ್ತಕಣಗಳ ಕೆಲಸ ಸೋಂಕಿನ ಜೊತೆ ಹೋರಾಡುವುದು. ಪ್ಲೇಟ್‌ಲೆಟ್, ಅಂದರೆ ಶಾಲೆಯ ಪುಸ್ತಕದ ‘ಕಿರುತಟ್ಟೆ’, ಪೂರ್ತಿ ಜೀವಕೋಶವೂ ಅಲ್ಲ. ಮೂಳೆ ಮಜ್ಜೆಯಲ್ಲಿರುವ ದೈತ್ಯ ಕೋಶಗಳಿಂದ ಉದುರುವ ಚೂರು ಅದು. ಒಂದೊಂದು ದೈತ್ಯ ಕೋಶ ಸಾವಿರಾರು ಚೂರುಗಳನ್ನು ಉದುರಿಸುತ್ತದೆ, ಒಂದೊಂದು ಚೂರಿನ ಆಯುಷ್ಯ 7ರಿಂದ 10 ದಿನ. ಈ ಚೂರುಗಳೇ ಗಾಯದ ಬಾಯಿಗೆ ಅಂಟಿಕೊಂಡು ರಕ್ತ ನಿಲ್ಲಿಸುತ್ತವೆ ಎಂದು ಇಟಲಿಯ ಜೂಲಿಯೋ ಬಿಜೊಜೆರೊ 1882ರಲ್ಲಿ ತೋರಿಸಿಕೊಟ್ಟರು.

ಕೋಲಾರದವರಿಗೆ ಇದನ್ನು ಹೇಳುವುದು ಸುಲಭ, ಯಾಕೆಂದರೆ ಇದು ಕೆರೆಗಳ ಜಿಲ್ಲೆ. 2021ರ ನವೆಂಬರ್ ಮಳೆಗೆ ಎಷ್ಟೋ ಕೆರೆಗಳು ಕೋಡಿ ಹರಿದದ್ದು ನೆನಪಿರಬಹುದು. ಏರಿ ಬಿರುಕು ಬಿಟ್ಟರೆ ಊರಿನವರು ಮೊದಲು ಮಾಡುವುದೇನು? ಸಿಕ್ಕಿದ ಮರಳು ಮೂಟೆಗಳನ್ನು ತಂದು ಒಡ್ಡುತ್ತಾರೆ. ಅಷ್ಟಕ್ಕೆ ನೀರು ತಡೆಯುತ್ತದೆ, ಆದರೆ ಬಹಳ ಹೊತ್ತಲ್ಲ. ಆಮೇಲೆ ಮುಳ್ಳುಕಂಟಿ, ಸೊಪ್ಪು, ಮಣ್ಣು ಹಾಕಿ ತುಳಿದು ಗಟ್ಟಿ ಮಾಡಬೇಕು. ಮೈಯಲ್ಲೂ ಇದೇ ಕ್ರಮ. ರಕ್ತನಾಳ ಕುಯ್ದ ಕೂಡಲೇ ತಾನೇ ಬಿಗಿದುಕೊಳ್ಳುತ್ತದೆ, ಪ್ಲೇಟ್‌ಲೆಟ್‌ಗಳು ಮೂಟೆಗಳಂತೆ ಬಂದು ಒಟ್ಟಿಕೊಳ್ಳುತ್ತವೆ, ಅವುಗಳ ಮೇಲೆ ಫೈಬ್ರಿನ್ ಎಂಬ ಎಳೆಗಳು ಬಲೆ ಹೆಣೆಯುತ್ತವೆ. ಹಿಮೋಫಿಲಿಯಾ ಎಂಬ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ ಇರುವವರಲ್ಲಿ ಮೂಟೆ ಸಾಕಷ್ಟಿದ್ದರೂ ಬಲೆ ಸರಿಯಾಗಿ ಹೆಣೆಯದು. ಹಾಗಾಗಿ ಅವರಿಗೆ ಒಮ್ಮೆ ನಿಂತ ರಕ್ತ ಕೆಲವು ಗಂಟೆ ಬಿಟ್ಟು ಮತ್ತೆ ಶುರುವಾಗಬಹುದು. ಪ್ಲೇಟ್‌ಲೆಟ್ ಕಡಿಮೆ ಇದ್ದವರಲ್ಲಿ ಕೊರತೆ ಇರುವುದು ಮೂಟೆಗೇ. ಕತ್ತರಿಸಿದ ಕ್ಷಣದಿಂದಲೇ ಜಿನುಗಲು ತೊಡಗಿ ಜಿನುಗುತ್ತಲೇ ಇರುತ್ತದೆ.

ಈ ಕಥೆಯಲ್ಲಿ ನಾವು ಮರೆಯುವ ಪಾತ್ರವೊಂದಿದೆ. ಕಟ್ಟಿದ ಒಡ್ಡನ್ನು ಬಿಚ್ಚುವ ಕೆಲಸದವರೂ ಮೈಯೊಳಗೇ ಇದ್ದಾರೆ. ಹೆಪ್ಪು ಶಾಶ್ವತವಾಗಿ ಉಳಿದುಬಿಟ್ಟರೆ ನಾಳವೇ ಮುಚ್ಚಿಹೋಗುತ್ತದಲ್ಲ, ಅದಕ್ಕೆ ಪ್ಲಾಸ್ಮಿನ್ ಎಂಬ ಕಿಣ್ವ ಫೈಬ್ರಿನ್ ಎಳೆಗಳನ್ನು ಒಂದೊಂದಾಗಿ ಕತ್ತರಿಸುತ್ತಾ ಬರುತ್ತದೆ. ಮೂಟೆ ಧಾರಾಳವಾಗಿದ್ದವರಿಗೆ ಇದರಿಂದ ತೊಂದರೆಯಿಲ್ಲ. ಇಪ್ಪತ್ತು ಮೂಟೆಯಲ್ಲಿ ಕಟ್ಟಿದ ಬಡ ಒಡ್ಡಿಗೆ ಮಾತ್ರ ಪ್ರತಿ ಎಳೆಯೂ ಮುಖ್ಯ. ಬಾಯೊಳಗಂತೂ ಪರಿಸ್ಥಿತಿ ಇನ್ನೂ ಕಷ್ಟ. ಎಂಜಲಿನಲ್ಲೇ ಹೆಪ್ಪು ಕರಗಿಸುವ ಗುಣವಿದೆ, ನಾಲಿಗೆ ಸುಮ್ಮನಿರುವುದಿಲ್ಲ. ನನ್ನ ಮಟ್ಟಿಗೆ ಕಡಿಮೆ ಪ್ಲೇಟ್‌ಲೆಟ್ಟಿನವರ ಶಸ್ತ್ರಚಿಕಿತ್ಸೆಯ ಇಡೀ ಗುಟ್ಟು ಇಲ್ಲಿದೆ: ರಕ್ತ ನಿಲ್ಲಿಸುವುದು ಒಂದು ಕೆಲಸ, ನಿಂತದ್ದನ್ನು ವಾರಗಟ್ಟಲೆ ಉಳಿಸಿಕೊಳ್ಳುವುದು ಇನ್ನೊಂದು. ಕೌಂಟ್ ಏರಿಸುವ ಓಡಾಟದಲ್ಲಿ ಮನೆಯವರು ಎರಡನೆಯದನ್ನು ಮರೆತೇಬಿಡುತ್ತಾರೆ.

ಅತ್ತೆಗಿರುವುದು ಐಟಿಪಿ, ಅಂದರೆ ಇಮ್ಯೂನ್ ಥ್ರಾಂಬೊಸೈಟೊಪೀನಿಯಾ ಎಂಬ ಕಾಯಿಲೆ. ಮಜ್ಜೆಯಲ್ಲಿ ಪ್ಲೇಟ್‌ಲೆಟ್ ತಯಾರಾಗುತ್ತದೆ, ಆದರೆ ದೇಹದ ರಕ್ಷಣಾ ವ್ಯವಸ್ಥೆ ಅವನ್ನು ಹೊರಗಿನವು ಎಂದುಕೊಂಡು ಗುರುತು ಹಾಕುತ್ತದೆ, ಗುಲ್ಮ, ಅಂದರೆ ಸ್ಪ್ಲೀನ್, ಗುರುತು ಬಿದ್ದವನ್ನೆಲ್ಲ ನುಂಗುತ್ತದೆ. ಇದು ತಿಳಿದುಬಂದ ಬಗೆಯೇ ವಿಚಿತ್ರ. 1950ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ವಿಲಿಯಂ ಹ್ಯಾರಿಂಗ್ಟನ್ ಎಂಬ ಯುವ ವೈದ್ಯರು ಐಟಿಪಿ ಇದ್ದ ರೋಗಿಯೊಬ್ಬರ ರಕ್ತವನ್ನು ತಮಗೇ ಏರಿಸಿಕೊಂಡರು. ಕೆಲವೇ ಗಂಟೆಗಳಲ್ಲಿ ಅವರ ಕೌಂಟ್ ಪಾತಾಳಕ್ಕೆ ಬಿತ್ತು, ಮೈಮೇಲೆ ಕೆಂಪು ಚುಕ್ಕೆಗಳೆದ್ದವು. ದಿನಗಳು ಕಳೆದಂತೆ ಚೇತರಿಸಿಕೊಂಡರು. ಪ್ಲೇಟ್‌ಲೆಟ್ ಕೊಲ್ಲುವ ವಸ್ತು ರಕ್ತದಲ್ಲೇ ಇದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಇವತ್ತು ಯಾವ ಎಥಿಕ್ಸ್ ಕಮಿಟಿಯೂ ಇಂಥದ್ದಕ್ಕೆ ಒಪ್ಪುವುದಿಲ್ಲ, ಒಪ್ಪಲೂ ಬಾರದು.

ನಮ್ಮ ಮನೆಯಲ್ಲಿ ಎಲ್ಲರೂ ಕೇಳಿದ ಪ್ರಶ್ನೆಗೆ ಉತ್ತರ ಈ ಪ್ರಯೋಗದಲ್ಲೇ ಇದೆ. ‘ಪ್ಲೇಟ್‌ಲೆಟ್ ಕಮ್ಮಿ ಇದ್ದರೆ ಬೆಂಗಳೂರಿಂದ ತರಿಸಿ ಏರಿಸಿಬಿಟ್ಟರೆ ಆಯಿತಲ್ಲ?’ ಐಟಿಪಿಯಲ್ಲಿ ಏರಿಸಿದ ಪ್ಲೇಟ್‌ಲೆಟ್‌ಗೂ ಅದೇ ಗುರುತು ಬೀಳುತ್ತದೆ, ಬಹುಬೇಗ ಮಾಯವಾಗುತ್ತದೆ. ರಕ್ತ ಸುರಿಯುತ್ತಿರುವಾಗ ತುರ್ತಿಗೆ ಕೊಡುತ್ತಾರೆ, ಹಲ್ಲು ಕೀಳಿಸುವ ಮುನ್ನ ಅಂಕಿ ಚೆಂದ ಕಾಣಲೆಂದು ಕೊಡುವುದಿಲ್ಲ. ಔಷಧಕ್ಕೆ ಬಗ್ಗದ ಐಟಿಪಿಗೆ ಗುಲ್ಮವನ್ನೇ ತೆಗೆಯುವುದುಂಟು. 1916ರಲ್ಲಿ ಪ್ರಾಗ್‌ನ ಪಾಲ್ ಕಾಜ್ನೆಲ್ಸನ್ ಇನ್ನೂ ವೈದ್ಯ ವಿದ್ಯಾರ್ಥಿಯಾಗಿದ್ದಾಗ ಸೂಚಿಸಿದ ದಾರಿ ಅದು. ಆ ಆಪರೇಷನ್ನಿನಲ್ಲಿ ಪ್ಲೇಟ್‌ಲೆಟ್ ಏರಿಸಬೇಕಾಗಿ ಬಂದರೆ, ಗುಲ್ಮಕ್ಕೆ ಹೋಗುವ ಅಪಧಮನಿಯನ್ನು ಕಟ್ಟುವವರೆಗೂ ಸರ್ಜನ್‌ಗಳು ಕಾಯಲು ನೋಡುತ್ತಾರೆ. ಇಲ್ಲದಿದ್ದರೆ ಕೊಟ್ಟದ್ದೆಲ್ಲ ನುಂಗುವವನ ಬಾಯಿಗೇ ಹೋಗುತ್ತದೆ.

ಕ್ಯಾನ್ಸರ್ ಚಿಕಿತ್ಸೆಯಿಂದ ಮಜ್ಜೆ ಸೊರಗಿದವರ ವಿಷಯ ಬೇರೆ, ಅವರಿಗೆ ಏರಿಸಿದ್ದು ಸಾಮಾನ್ಯವಾಗಿ ರಕ್ತದಲ್ಲಿ ಉಳಿಯುತ್ತದೆ. ಆದರೆ ಪ್ಲೇಟ್‌ಲೆಟ್ ಚೀಲವನ್ನು ಫ್ರಿಜ್ಜಿನಲ್ಲಿಟ್ಟು ಮರೆಯುವಂತಿಲ್ಲ. 20ರಿಂದ 24 ಡಿಗ್ರಿಯಲ್ಲಿ, ಸದಾ ತೂಗಾಡಿಸುತ್ತಾ ಇಡಬೇಕು, ಆಗಲೂ ಸಾಮಾನ್ಯವಾಗಿ 5 ದಿನ ಮಾತ್ರ. ಊರೂರಿನಲ್ಲಿ ಅದು ಸಿಗದಿರುವುದಕ್ಕೆ ಇದೂ ಒಂದು ಕಾರಣ.

ಎಷ್ಟಿದ್ದರೆ ಸಾಕು? ಒಂದು ಹಲ್ಲು ಸಲೀಸಾಗಿ ಕೀಳುವುದಕ್ಕೆ 30 ಸಾವಿರ, ಸಣ್ಣ ಶಸ್ತ್ರಚಿಕಿತ್ಸೆಗೆ 50 ಸಾವಿರ, ದೊಡ್ಡದಕ್ಕೆ 80 ಸಾವಿರ, ಮೆದುಳಿನದಕ್ಕೆ 1 ಲಕ್ಷ ಎಂದು ಐಟಿಪಿ ತಜ್ಞರು ಸುಮಾರಾಗಿ ಹೇಳುತ್ತಾರೆ. ದೊಡ್ಡ ಪ್ರಯೋಗಗಳಿಗಿಂತ ಹೆಚ್ಚಾಗಿ ಅನುಭವದಿಂದ ಬಂದ ಗೆರೆಗಳಿವು, ಒಬ್ಬೊಬ್ಬ ವೈದ್ಯರ ಲೆಕ್ಕ ಸ್ವಲ್ಪ ಆಚೀಚೆ ಇರುತ್ತದೆ. ಒಂದೇ ಕೌಂಟ್ ಇರುವ ಇಬ್ಬರಿಗೆ ಒಂದೇ ಥರ ರಕ್ತ ಸುರಿಯುವುದೂ ಇಲ್ಲ. ಐಟಿಪಿಯವರ ಪ್ಲೇಟ್‌ಲೆಟ್‌ಗಳಲ್ಲಿ ಹೊಸದಾಗಿ ಹುಟ್ಟಿದವೇ ಹೆಚ್ಚು, ಗಾತ್ರದಲ್ಲಿ ದೊಡ್ಡವು, ಕೆಲಸದಲ್ಲಿ ಚುರುಕು. ಹಾಗೆಯೇ, ಸಾವಿರಕ್ಕೆ ಸುಮಾರು ಒಬ್ಬರಲ್ಲಿ ಲ್ಯಾಬಿನ ನೇರಳೆ ಮುಚ್ಚಳದ ಟ್ಯೂಬಿನೊಳಗೆ ಪ್ಲೇಟ್‌ಲೆಟ್‌ಗಳು ಗುಂಪುಗಟ್ಟಿಬಿಡುತ್ತವೆ. ಯಂತ್ರ ಗುಂಪನ್ನು ಎಣಿಸಲಾರದೆ ಕೌಂಟ್ ಕಡಿಮೆ ಎಂದು ಬರೆಯುತ್ತದೆ. ಯಾವ ತೊಂದರೆಯೂ ಇಲ್ಲದೆ ಇದ್ದಕ್ಕಿದ್ದಂತೆ ಕೌಂಟ್ ಕಮ್ಮಿ ಬಂದರೆ ಸ್ಲೈಡ್ ಮೇಲೆ ಕಣ್ಣಾರೆ ನೋಡಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಇನ್ನೊಂದು ಸಂಗತಿ ಓದಿದಾಗ ನನಗೇ ಆಶ್ಚರ್ಯವಾಯಿತು. ರಕ್ತ ಹರಿಯುವಾಗ ಕೆಂಪು ಕಣಗಳು ನಾಳದ ನಡುವೆ ಸಾಗುತ್ತಾ ಪ್ಲೇಟ್‌ಲೆಟ್‌ಗಳನ್ನು ಅಂಚಿಗೆ ತಳ್ಳುತ್ತವೆ, ಕಾಲುವೆಯ ನಡುನೀರು ಕಸವನ್ನು ದಡಕ್ಕೆ ಸರಿಸುವ ಹಾಗೆ. ಪ್ಲೇಟ್‌ಲೆಟ್ ಬೇಕಿರುವುದೂ ಅಂಚಿನಲ್ಲೇ. ಕೆಂಪು ಕಣ ಕಡಿಮೆಯಾದರೆ ಈ ತಳ್ಳಾಟ ಕುಗ್ಗಿ, ಇರುವ ಮೂಟೆಗಳೂ ಏರಿಗೆ ಸರಿಯಾಗಿ ತಲುಪುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಅತ್ತೆಯ ಹಿಮೋಗ್ಲೋಬಿನ್ 8 ಇತ್ತು. ಡಾಕ್ಟರು ಹಲ್ಲು ಮುಟ್ಟುವ ಎರಡು ತಿಂಗಳು ಮೊದಲೇ ಕಬ್ಬಿಣದ ಮಾತ್ರೆ ಶುರು ಮಾಡಿದ್ದು ಅದಕ್ಕೇ.

ಹಲ್ಲು ಕೀಳುವ ಹಿಂದಿನ ವಾರ 4 ದಿನ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರು. ಕೌಂಟ್ 61 ಸಾವಿರಕ್ಕೆ ಬಂತು, ಜೊತೆಗೆ ಸಕ್ಕರೆಯೂ ಏರಿತು. ಇನ್ನೂ ಅವಸರವಿದ್ದರೆ ಇಮ್ಯುನೊಗ್ಲಾಬ್ಯುಲಿನ್ ಡ್ರಿಪ್ ಇದೆ, ಕೆಲವೇ ದಿನಗಳಲ್ಲಿ ಕೆಲಸ ಮಾಡುತ್ತದೆ, ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಪರಂಗಿ ಎಲೆ ರಸದ ಸಲಹೆ ಕೊಟ್ಟವರಿಗೆ ಲೆಕ್ಕವಿಲ್ಲ. ಡೆಂಗಿಯಲ್ಲಿ ಜ್ವರ ಇಳಿದ ಮೇಲೆ ಕೌಂಟ್ ತಾನಾಗಿ ಏರುತ್ತದೆ, ಎಲೆ ಕುಡಿದರೂ ಏರುತ್ತದೆ, ಕುಡಿಯದಿದ್ದರೂ ಏರುತ್ತದೆ. ಅದನ್ನು ನಂಬಿ ಐಟಿಪಿಯವರು ಆಪರೇಷನ್ ಟೇಬಲ್ ಹತ್ತುವುದು ಬೇಡ.

ಎರಡನೆಯ ಕೆಲಸಕ್ಕೆ, ಅಂದರೆ ನಿಂತದ್ದನ್ನು ಉಳಿಸಲು, ಹಲ್ಲಿನ ಡಾಕ್ಟರು ಬರೆದುಕೊಟ್ಟದ್ದು ಟ್ರಾನೆಕ್ಸಾಮಿಕ್ ಆಸಿಡ್. ಮಾತ್ರೆ ನೋಡಿ ಅತ್ತೆ, “ಇದು ಮುಟ್ಟು ಜಾಸ್ತಿ ಹೋಗ್ತಿದ್ದಾಗ ಕೊಟ್ಟಿದ್ರಲ್ಲ?” ಅಂದರು. ಹೌದು, ಅದೇ. “ಇದರಿಂದ ಕೌಂಟ್ ಏರ್ತದಾ ಸಾರ್?”

“ಇಲ್ಲಮ್ಮ, ಒಂದೂ ಏರಲ್ಲ. ಕಟ್ಟಿದ್ದು ಬಿಚ್ಚದಂಗೆ ನೋಡ್ಕೊಳ್ತದೆ.”

ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ. ಒಡ್ಡು ಬಿಚ್ಚುವ ಪ್ಲಾಸ್ಮಿನ್ ಫೈಬ್ರಿನ್ ಎಳೆಯನ್ನು ಹಿಡಿಯುವುದು ಒಂದು ಹಿಡಿಕೆಯಿಂದ, ಆ ಹಿಡಿಕೆಗೇ ಈ ಔಷಧ ಹೋಗಿ ಕೂರುತ್ತದೆ. ಇದನ್ನು ಕಂಡುಹಿಡಿದವರು ಜಪಾನಿನ ಉಟಾಕೊ ಒಕಾಮೊಟೊ ಮತ್ತು ಶೊಸುಕೆ ಒಕಾಮೊಟೊ ದಂಪತಿ, 1962ರಲ್ಲಿ. ಯುದ್ಧದಲ್ಲಿ ಸೋತು ಬಡವಾದ ದೇಶ. ಉಟಾಕೊ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಲ್ಯಾಬಿನಲ್ಲಿ ದುಡಿದವರು. ಹೆರಿಗೆಯಲ್ಲಿ ರಕ್ತ ಸುರಿದು ಸಾಯುವ ಹೆಂಗಸರ ಚಿಂತೆ ಅವರದು. 20 ಸಾವಿರಕ್ಕೂ ಹೆಚ್ಚು ಬಾಣಂತಿಯರ ಮೇಲೆ ನಡೆದ ದೊಡ್ಡ ಪ್ರಯೋಗ ಬೇಗ ಕೊಟ್ಟರೆ ಅದು ರಕ್ತಸ್ರಾವದ ಸಾವನ್ನು ತಗ್ಗಿಸುತ್ತದೆ ಎಂದು ತೋರಿಸಿದ್ದು 2017ರಲ್ಲಿ, ಉಟಾಕೊ ತೀರಿಕೊಂಡ ಮರುವರ್ಷ.

ಅತ್ತೆಗೆ ಮಾತ್ರೆ ನುಂಗುವುದರ ಜೊತೆಗೆ, ಅದೇ ಔಷಧವನ್ನು ನೀರಿನಲ್ಲಿ ಕರಗಿಸಿ ದಿನಕ್ಕೆ ನಾಲ್ಕು ಸಲ ಬಾಯಲ್ಲಿ ಇಟ್ಟುಕೊಳ್ಳಲು ಹೇಳಿದ್ದರು. ಮುಕ್ಕಳಿಸುವುದಲ್ಲ, ಸುಮ್ಮನೆ ಎರಡು ನಿಮಿಷ ಇಟ್ಟುಕೊಳ್ಳುವುದು. ಇದನ್ನು ಓದಿ ಯಾರೂ ಮನೆಯಲ್ಲಿ ತಾವಾಗಿ ಶುರು ಮಾಡಬೇಡಿ. ಕಾಲಿನಲ್ಲೋ ಶ್ವಾಸಕೋಶದಲ್ಲೋ ಹಿಂದೆ ಹೆಪ್ಪುಗಟ್ಟಿದವರಿಗೆ, ಮೂತ್ರದಲ್ಲಿ ರಕ್ತ ಹೋಗುತ್ತಿರುವವರಿಗೆ ಇದೇ ಔಷಧ ಅಪಾಯ ತರಬಹುದು.

ಹಲ್ಲು ಕಿತ್ತದ್ದು ಬೆಳಿಗ್ಗೆ ಹತ್ತಕ್ಕೆ. ಬೆಳಗ್ಗೆಯೇ ಯಾಕೆಂದರೆ, ಮರಗಟ್ಟಿಸುವ ಇಂಜೆಕ್ಷನ್ನಿನಲ್ಲಿರುವ ಅಡ್ರಿನಲಿನ್ ರಕ್ತನಾಳಗಳನ್ನು ಬಿಗಿಹಿಡಿದಿರುತ್ತದೆ. ಕೆಲವು ಗಂಟೆಗಳಲ್ಲಿ ಅದು ಇಳಿದು ನಾಳ ಸಡಿಲವಾದಾಗ ಮತ್ತೆ ಜಿನುಗಬಹುದು, ಅದು ನಡುರಾತ್ರಿ ಆಗುವುದಕ್ಕಿಂತ ಆಸ್ಪತ್ರೆ ತೆರೆದಿರುವಾಗ ಆದರೆ ಒಳ್ಳೆಯದು. ಹಲ್ಲು ಕಿತ್ತ ಗುಳಿಯೊಳಗೆ ಕರಗುವ ಸ್ಪಂಜು ತುಂಬಿ ಹೊಲಿಗೆ ಹಾಕಿದರು. ಗಾಜ್ ಕಚ್ಚಿಸಿ, “ಅರ್ಧ ಗಂಟೆ ಬಿಗಿಯಾಗಿ ಕಚ್ಚಿ. ನಡುನಡುವೆ ತೆಗೆದು ನೋಡಬೇಡಿ” ಅಂದರು. ಈ ನೋಡುವ ಚಟ ದೊಡ್ಡ ಶತ್ರು. ಪ್ರತಿ ಸಲ ಎತ್ತಿದಾಗಲೂ ಅಂಟಿದ್ದ ಮೂಟೆಗಳು ಗಾಜ್ ಜೊತೆ ಕಿತ್ತು ಬರುತ್ತವೆ. ಉಗಿಯುವುದು, ಸ್ಟ್ರಾ ಹಾಕಿ ಹೀರುವುದು, ಬಿಸಿ ಕಾಫಿ, ಎಲೆ ಅಡಿಕೆ ಎಲ್ಲ ಬಂದ್. ಮುದ್ದೆಯ ಬಗ್ಗೆ ಮಾತ್ರ ಅತ್ತೆ ವಾದಕ್ಕೆ ನಿಂತರು. ಮುದ್ದೆ ಅಗಿಯುವುದಲ್ಲ, ನುಂಗುವುದು, ಹಲ್ಲಿಗೂ ಅದಕ್ಕೂ ಏನು ಸಂಬಂಧ? ಮೊದಲ ದಿನ ತಣ್ಣನೆಯ ಅಂಬಲಿ, ಎರಡನೆಯ ದಿನದಿಂದ ಆರಿದ ಮುದ್ದೆ, ಖಾರವಿಲ್ಲದ ಸಾರು ಎಂದು ರಾಜಿಯಾಯಿತು.

ಸಂಜೆ ಎಂಜಲು ಗುಲಾಬಿ ಬಣ್ಣಕ್ಕೆ ತಿರುಗಿತು. ಒಂದೆರಡು ಹನಿ ರಕ್ತ ಬಾಯಿ ತುಂಬ ಎಂಜಲಿನಲ್ಲಿ ಬೆರೆತರೆ ಬೋಗುಣಿ ರಕ್ತದಂತೆ ಕಾಣುತ್ತದೆ. ಇನ್ನೊಂದು ಗಾಜ್ ಅರ್ಧ ಗಂಟೆ ಕಚ್ಚಿದ ಮೇಲೆ ತಿಳಿಯಾಯಿತು. ತಿಳಿಯಾಗದೆ ಗಾಜ್ ತೊಯ್ಯುತ್ತಲೇ ಇದ್ದರೆ, ಮಲ ಕಪ್ಪಾದರೆ, ತಡೆಯಲಾರದ ತಲೆನೋವು ಬಂದರೆ ಎಷ್ಟೇ ಹೊತ್ತಾಗಿದ್ದರೂ ಹೊರಟು ಬನ್ನಿ ಎಂದು ಮೊದಲೇ ಹೇಳಿದ್ದರು.

ರಾತ್ರಿ ನೋವು ಶುರುವಾಯಿತು. ನನಗೆ ಸಿಟ್ಟು ಬರುವುದು ಇಲ್ಲೇ. ಹಲ್ಲುನೋವು ಅಂದರೆ ಕೇಳದೆಯೇ ಬ್ರೂಫೆನ್ನೋ ಡೈಕ್ಲೋಫೆನಾಕೋ ಎತ್ತಿಕೊಡುವುದು, ಇಲ್ಲವಾದರೆ ಸೊಂಟಕ್ಕೊಂದು ಇಂಜೆಕ್ಷನ್ ಚುಚ್ಚುವುದು ನಮ್ಮ ಕಡೆ ಮಾಮೂಲು. ಈ ನೋವಿನ ಮಾತ್ರೆಗಳು ಇರುವ ಅಷ್ಟಿಷ್ಟು ಪ್ಲೇಟ್‌ಲೆಟ್‌ಗಳ ಕೈಯನ್ನೂ ಕಟ್ಟಿಹಾಕುತ್ತವೆ. ಆಸ್ಪಿರಿನ್ ತಾಗಿದ ಪ್ಲೇಟ್‌ಲೆಟ್ ಸಾಯುವವರೆಗೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಇನ್ನು ಮಾಂಸಖಂಡಕ್ಕೆ ಚುಚ್ಚಿದರೆ ಒಳಗೇ ರಕ್ತ ಕಟ್ಟಿಕೊಂಡು ಇನ್ನೊಂದು ಗಾಯ. ಅತ್ತೆಗೆ ಬರೆದಿದ್ದದ್ದು ಬರೀ ಪ್ಯಾರಾಸಿಟಮಾಲ್. ಸಾಕಾಯಿತು.

ಎಂಟನೆಯ ದಿನ ತೋರಿಸಲು ಹೋದಾಗ ಗುಳಿಯಲ್ಲಿ ಬೆಳ್ಳಗೆ ಪೊರೆಯಂಥದ್ದು ಕಂಡು ಅತ್ತೆ ಕೀವು ಎಂದು ಹೆದರಿದ್ದರು. ಅದು ಮಾಯುತ್ತಿರುವ ಗಾಯ, ನಾಲಿಗೆ ತಾಗಿಸಬೇಡಿ ಎಂದರು ಡಾಕ್ಟರು. ಬರುವಾಗ ರಕ್ತ ಕೊಟ್ಟು ಬಂದಿದ್ದೆವು, ಸಂಜೆ ಮೊಬೈಲಿಗೆ ರಿಪೋರ್ಟ್ ಬಂತು. ಸ್ಟೀರಾಯ್ಡಿನ ಬಲ ಇಳಿದು ಕೌಂಟ್ 34 ಸಾವಿರಕ್ಕೆ ಬಂದಿತ್ತು. ಗುಳಿ ಒಣಗಿಯೇ ಇತ್ತು.